ಮಾತು ನಿಂತವರಿಗೆ ನಾಳೆಯ ಯಂತ್ರ: ಅದಕ್ಕೆ ದಾವಣಗೆರೆ ಕನ್ನಡ ಬರುತ್ತಾ?

ದೊಡ್ಡಪ್ಪನ ಮಂಚದ ಪಕ್ಕದ ಗೋಡೆಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ತಿರುಗಿಸಿ ಅಂಟಿಸಿದ್ದೇವೆ. ಬಿಳಿ ಬದಿಯಲ್ಲಿ ದಪ್ಪ ಮಾರ್ಕರಿನಿಂದ ಬರೆದ ಅಕ್ಷರಗಳು. ಕ ಖ ಗ ಘ ಙ, ಅದರ ಕೆಳಗೆ ಚ ಛ ಜ ಝ ಞ, ಹಾಗೇ ಪ ಫ ಬ ಭ ಮ ತನಕ. ಮೇಲೆ ಸ್ವರಗಳು, ಕೆಳಗೆ ಯ ರ ಲ ವ. ದೊಡ್ಡಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಾರೆ. ದೊಡ್ಡಪ್ಪ ಕಣ್ಣು ಮೇಲೆತ್ತಿದರೆ ಆ ಸಾಲು. ಆಮೇಲೆ ಆ ಸಾಲಿನ ಒಂದೊಂದೇ ಅಕ್ಷರ. ಕಣ್ಣು ಗಟ್ಟಿಯಾಗಿ ಮುಚ್ಚಿದರೆ ‘ಅಲ್ಲ’ ಅಂತ ಅರ್ಥ. ಒಂದು ಪದಕ್ಕೆ ಎರಡು ಮೂರು ನಿಮಿಷ ಬೇಕು.

ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದ ಮನುಷ್ಯ ಅವರು. ಮಗ್ಗದ ಸದ್ದಿನ ಮಧ್ಯೆ ಕೂಗಿ ಕೂಗಿ ಮನೆಯಲ್ಲೂ ಮಾತು ಜೋರು. ಬೀದಿ ತುದಿಯಲ್ಲಿ ಇರುವಾಗಲೇ ಅವರು ಬರುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತಿತ್ತು. ಒಂದು ಬೆಳಗಿನ ಜಾವ ಸ್ಟ್ರೋಕ್ ಆಯಿತು. ಕೈ, ಕಾಲು, ನಾಲಿಗೆ ಎಲ್ಲ ನಿಂತವು. ಕಣ್ಣು ಮಾತ್ರ ಉಳಿಯಿತು.

ಮನೆಗೆ ಕರೆದುಕೊಂಡು ಬಂದ ಮೊದಲ ತಿಂಗಳು. ಒಂದು ಸಂಜೆ ಅವರು ‘ಬ’ ಆರಿಸಿದರು. ಆಮೇಲೆ ‘ಎ’. ಬೆ. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. “ಬೆಣ್ಣೆ ದೋಸಿ ನೆಪ್ಪಾತೇನ್ರಿ?” ಅಂದರು. ಮೂಗಿನ ಪೈಪಿನಲ್ಲಿ ಗಂಜಿ ಹೋಗುತ್ತಿದ್ದ ಮನುಷ್ಯ. ಆ ಮಾತು ಬಾಯಿಂದ ಬಂದದ್ದೇ ತಡ, ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ನಾವೂ ಅತ್ತೆವು. ದೊಡ್ಡಪ್ಪ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಮುಚ್ಚಿ ತೆರೆಯುತ್ತಿದ್ದರು. ಅವರೂ ಅಳುತ್ತಿದ್ದಾರೆ ಅಂದುಕೊಂಡೆವು.

ಮರುದಿನ ಬೆಳಿಗ್ಗೆ ಅವರು ಮತ್ತೆ ‘ಬ’ದಿಂದಲೇ ಶುರು ಮಾಡಿದರು. ಈ ಸಲ ಕೊನೆವರೆಗೆ ಕಾದೆವು. ಬ, ಎ, ನ, ಮತ್ತೆ ನ, ಉ. ಬೆನ್ನು. ಪಕ್ಕಕ್ಕೆ ಹೊರಳಿಸಿ ನೋಡಿದರೆ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ನಾಣ್ಯದಷ್ಟು ಅಗಲ ಚರ್ಮ ಸುಲಿದು ಕೆಂಪಗಾಗಿತ್ತು. ಅವರಿಗೆ ಅಲ್ಲಾಡೋಕೆ ಆಗುವುದಿಲ್ಲ, ಆದರೆ ನೋವು ಗೊತ್ತಾಗುತ್ತದೆ. ಇಡೀ ರಾತ್ರಿ ಆ ಹುಣ್ಣಿನ ಮೇಲೆಯೇ ಮಲಗಿದ್ದರು.

ಮಿದುಳಿಗೆ ಯಂತ್ರ ಜೋಡಿಸಿ ಮಾತಾಡಿಸುವ ಸುದ್ದಿ ಈಗ ವಾರಕ್ಕೊಂದು ಬರುತ್ತದೆ. ಓದಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಅಂಥ ಯಂತ್ರ ದೊಡ್ಡಪ್ಪನ ತಲೆಯಲ್ಲಿ ಇದ್ದಿದ್ದರೆ ‘ಬೆನ್ನು’ ಅನ್ನುತ್ತಿತ್ತಾ? ಇಲ್ಲ, ಅದೂ ನಮ್ಮ ಹಾಗೇ ‘ಬೆಣ್ಣೆ’ ಅಂತ ಊಹಿಸುತ್ತಿತ್ತಾ?

ಡ್ಯಾಂ ತುಂಬಿದೆ, ನಾಲೆ ಒಡೆದಿದೆ

ತೀವ್ರ ಲಕ್ವ ಅಂದರೆ ಮಿದುಳೇ ಕೆಟ್ಟಿತು ಅಂತ ನಮ್ಮ ಕಡೆ ಜಾಸ್ತಿ ಜನ ತಿಳಿದುಕೊಂಡಿದ್ದಾರೆ. ನೋಡಲು ಬಂದವರು ದೊಡ್ಡಪ್ಪನ ಮುಂದೆಯೇ “ಪಾಪ, ಏನೂ ಗೊತ್ತಾಗಲ್ಲ ಅಲ್ವಾ” ಅನ್ನುತ್ತಾರೆ. ಅವರಿಗೆ ಎಲ್ಲವೂ ಗೊತ್ತಾಗುತ್ತದೆ. ಅವರಿಗೆ ಪೆಟ್ಟಾಗಿರುವುದು ಮಿದುಳಿನ ಬುಡದ ಕಾಂಡಕ್ಕೆ. ಮೇಲಿನ ಮಿದುಳಿನಿಂದ ಕೈಕಾಲಿಗೆ, ಬಾಯಿಗೆ ಹೋಗುವ ನರಗಳೆಲ್ಲ ಆ ಸಣ್ಣ ಜಾಗದಲ್ಲಿ ಒತ್ತಾಗಿ ಹಾದು ಹೋಗುತ್ತವೆ. ಅಲ್ಲಿ ರಕ್ತ ಹರಿಯುವುದು ನಿಂತರೆ ದಾರಿ ಪೂರ್ತಿ ಬಂದ್. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ನರದ ಕೇಂದ್ರ ಇನ್ನೂ ಮೇಲಿರುವುದರಿಂದ ಅದೊಂದು ಉಳಿಯುತ್ತದೆ.

ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ಅರ್ಥವಾದೀತು. ಭದ್ರಾ ಡ್ಯಾಂ ತುಂಬಿದೆ. ನಾಲೆ ಮಧ್ಯೆ ಒಡೆದಿದೆ. ಕೊನೆ ಭಾಗದ ಗದ್ದೆಗೆ ಹನಿ ನೀರಿಲ್ಲ. ಗದ್ದೆ ಒಣಗಿದ್ದನ್ನು ನೋಡಿ ಡ್ಯಾಮೇ ಖಾಲಿ ಅನ್ನೋಕಾಗುತ್ತಾ?

ನಾಲೆ ಒಡೆಯುವ ದಾರಿ ಬೇರೆ ಬೇರೆ. ಚನ್ನಗಿರಿ ಕಡೆ ಅಡಿಕೆ ಮರದಿಂದ, ಹೊಸದುರ್ಗದ ಕಡೆ ತೆಂಗಿನ ಮರದಿಂದ ಬಿದ್ದರೆ ಬೆನ್ನುಹುರಿಗೆ ಪೆಟ್ಟು. ಹಿರಿಯೂರಿನಿಂದ ಹರಿಹರದ ತನಕ ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದರೂ ಅದೇ. ಕುತ್ತಿಗೆಯ 3, 4, 5ನೇ ಮಟ್ಟದ ನರಗಳು ಉಸಿರಾಟದ ಮುಖ್ಯ ಸ್ನಾಯುವನ್ನು ನಡೆಸುತ್ತವೆ. ಅದಕ್ಕಿಂತ ಮೇಲೆ ಹುರಿ ತುಂಡಾದರೆ ಉಸಿರಿಗೂ ಯಂತ್ರ ಬೇಕು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋಗೆ ಹಾಕುವುದರಿಂದ ಅರ್ಧ ಉಳಿದಿದ್ದ ಹುರಿಯೂ ಹೋಗಬಹುದು. ಇನ್ನು ಎ.ಎಲ್.ಎಸ್. ಎಂಬ ಕಾಯಿಲೆಯಲ್ಲಿ ಸ್ನಾಯು ನಡೆಸುವ ನರಕೋಶಗಳೇ ಒಂದೊಂದಾಗಿ ಸಾಯುತ್ತವೆ. ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಅದು. ಕೊನೆಯ ವರ್ಷಗಳಲ್ಲಿ ಅವರು ಕೆನ್ನೆಯ ಒಂದು ಸ್ನಾಯುವಿನ ಮಿಡಿತದಿಂದಲೇ ಕಂಪ್ಯೂಟರ್ ನಡೆಸುತ್ತಿದ್ದರು.

ಒಡೆದ ನಾಲೆಯನ್ನು ಕಟ್ಟುವುದು ಇವತ್ತಿಗೂ ಕಷ್ಟದ ಕೆಲಸ. ಹಾಗಾಗಿ ವಿಜ್ಞಾನಿಗಳು ಡ್ಯಾಮಿಗೇ ಬೇರೆ ಪೈಪು ಹಾಕಲು ಹೊರಟರು.

ಇಲ್ಲಿಯವರೆಗೆ ಆಗಿರುವುದು

2004ರಲ್ಲಿ ಅಮೆರಿಕದ ಬ್ರೇನ್‌ಗೇಟ್ ತಂಡ ಕುತ್ತಿಗೆಯ ಕೆಳಗೆ ಚಲನೆ ಇಲ್ಲದ ಒಬ್ಬ ಯುವಕನ ಮಿದುಳಿನಲ್ಲಿ 96 ಸೂಜಿಮೊನೆಗಳ ಒಂದು ಪುಟ್ಟ ಚಿಪ್ ಕೂರಿಸಿತು. ಕೈ ಆಡಿಸಬೇಕು ಅಂತ ಮನಸ್ಸು ಮಾಡಿದಾಗ ಆ ಜಾಗದ ನರಕೋಶಗಳು ಮಿಡಿಯುತ್ತವೆ. ಆ ಮಿಡಿತವನ್ನು ಕಂಪ್ಯೂಟರ್ ಓದಿತು. ಪರದೆಯ ಮೇಲಿನ ಗುರುತು ಅವನು ಬಯಸಿದ ಕಡೆ ಸರಿಯಿತು. 2012ರಲ್ಲಿ, ಸ್ಟ್ರೋಕ್ ಆಗಿ ಹೆಚ್ಚುಕಮ್ಮಿ 15 ವರ್ಷ ಕಳೆದಿದ್ದ ಒಬ್ಬ ಮಹಿಳೆ ಇದೇ ರೀತಿ ರೋಬೋ ಕೈಯನ್ನು ನಡೆಸಿ ಬಾಟಲಿ ಎತ್ತಿ ತಾವೇ ಕಾಫಿ ಕುಡಿದರು. 2021ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಇನ್ನೊಂದು ದಾರಿ ಹಿಡಿದರು. ಪೆನ್ನು ಹಿಡಿದು ಬರೆಯುತ್ತಿದ್ದೇನೆ ಅಂತ ಕಲ್ಪಿಸಿಕೊಂಡ ಒಬ್ಬ ವ್ಯಕ್ತಿ ನಿಮಿಷಕ್ಕೆ 90 ಅಕ್ಷರ ಬರೆದರು.

ನನಗೆ ಜಾಸ್ತಿ ತಟ್ಟಿದ್ದು 2023 ಮತ್ತು 2024ರ ಕೆಲಸ. 2023ರಲ್ಲಿ ಎರಡು ತಂಡಗಳು ಮಾತನ್ನೇ ಓದಿದವು. ಸ್ಟ್ಯಾನ್‌ಫೋರ್ಡ್‌ನಲ್ಲಿ ನಿಮಿಷಕ್ಕೆ 62 ಪದ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 78 ಪದ. ಸ್ಯಾನ್ ಫ್ರಾನ್ಸಿಸ್ಕೊದ ಆ ಮಹಿಳೆಗೆ ಆಗಿದ್ದದ್ದು ದೊಡ್ಡಪ್ಪನಿಗೆ ಆದಂಥದ್ದೇ, ಮಿದುಳುಕಾಂಡದ ಸ್ಟ್ರೋಕ್. ಅವರ ಮದುವೆಯ ವಿಡಿಯೊದಲ್ಲಿದ್ದ ಹಳೆಯ ದನಿ ತೆಗೆದುಕೊಂಡು ಯಂತ್ರಕ್ಕೆ ಅವರದೇ ದನಿ ಕೊಟ್ಟರು. 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ ಎ.ಎಲ್.ಎಸ್. ಇರುವ ಒಬ್ಬರ ಫಲಿತಾಂಶ ಪ್ರಕಟಿಸಿತು. ಮಿದುಳಿನ ಸಂಕೇತ ಹಿಡಿಯುವ 256 ಎಲೆಕ್ಟ್ರೋಡ್, 1,25,000 ಪದಗಳ ಪಟ್ಟಿ, 100ಕ್ಕೆ 97 ಪದ ಸರಿ. ಮೊದಲ ದಿನ ತಮ್ಮ ಮಾತು ಪರದೆಯ ಮೇಲೆ ಕಂಡಾಗ ಅವರು ಅತ್ತರಂತೆ. ಎಲ್ಲಿ ಅಳು, ಯಾಕೆ ಅಳು ಅಂತ ನಮ್ಮ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ವಿಷಯ ಇಲ್ಲಿ ಮುಖ್ಯ. ಇವು ಯಾವುವೂ ‘ಯೋಚನೆ’ ಓದುವುದಿಲ್ಲ. ನಾಲಿಗೆ, ತುಟಿ, ಗಂಟಲು ಆಡಿಸಲು ಮಿದುಳು ಕೊಡುವ ಆಜ್ಞೆಯನ್ನು ಓದುತ್ತವೆ. ಮಾತಾಡಲು ಪ್ರಯತ್ನಿಸಿದರೆ ಮಾತ್ರ ಮಾತು.

ಚಿಪ್ ಕೂರಿಸಲು ತಲೆಬುರುಡೆ ತೆರೆಯಬೇಕು. ಸೂಜಿಮೊನೆಯ ಸುತ್ತ ಕಾಲಕ್ರಮೇಣ ಗಾಯದ ಪೊರೆ ಕಟ್ಟಿ ಸಂಕೇತ ಮಸುಕಾಗುವುದುಂಟು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಮೊದಲ ಸಲ ಮನುಷ್ಯನಿಗೆ ಕೂರಿಸಿದ ಸಾಧನದಲ್ಲಿ 64 ಎಳೆಗಳಿದ್ದವು. ಕೆಲವೇ ವಾರಗಳಲ್ಲಿ ಬಹಳಷ್ಟು ಎಳೆಗಳು ಮಿದುಳಿನಿಂದ ಹಿಂದಕ್ಕೆ ಸರಿದವು. ಸಾಫ್ಟ್‌ವೇರ್ ತಿದ್ದಿ ಹೇಗೋ ಸುಧಾರಿಸಿದರು. ಸಿಂಕ್ರಾನ್ ಎಂಬ ಇನ್ನೊಂದು ಕಂಪನಿ ಕುತ್ತಿಗೆಯ ರಕ್ತನಾಳದ ಮೂಲಕ ಬಲೆಯಂಥ ಸಾಧನವನ್ನು ಮಿದುಳಿನ ಹತ್ತಿರಕ್ಕೆ ಕಳಿಸುತ್ತದೆ. ಬುರುಡೆ ತೆರೆಯಬೇಕಿಲ್ಲ, ಆದರೆ ಮಿದುಳಿನ ಸಂಕೇತ ಅಷ್ಟು ಸ್ಪಷ್ಟವಾಗಿ ಕೇಳಿಸುವುದೂ ಇಲ್ಲ.

2045ರ ಒಂದು ಮಧ್ಯಾಹ್ನ

ಈಗ ಸ್ವಲ್ಪ ಕಲ್ಪಿಸಿಕೊಳ್ಳೋಣ. 2045. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ, ಕಿವಿ ಹಿಂದೆ ಬಟನ್ನಿನಷ್ಟು ಬ್ಯಾಟರಿ, ದಿಂಬಿನಲ್ಲೇ ಚಾರ್ಜು. ಬೆಂಗಳೂರಿಗೆ 260 ಕಿಲೋಮೀಟರ್ ಹೋಗಬೇಕಿಲ್ಲ, ದಾವಣಗೆರೆಯಲ್ಲೇ ಅರ್ಧ ದಿನದಲ್ಲಿ ಕೂರಿಸುತ್ತಾರೆ. ದೊಡ್ಡಪ್ಪನಂಥ ಒಬ್ಬರು ಮಲಗಿದಲ್ಲಿಂದಲೇ “ಬೆನ್ನು ಉರಿಯಾಕತ್ತೈತಿ, ಹೊರಳಿಸ್ರಿ” ಅನ್ನುತ್ತಾರೆ. ಒಂದು ಸೆಕೆಂಡು ಸಾಕು.

ಯಂತ್ರದ ಭಾಗ ಇಷ್ಟರ ಮಟ್ಟಿಗೆ ಆಗುತ್ತದೆ ಅಂತ ನಾನು ನಂಬುತ್ತೇನೆ. 20 ವರ್ಷದಲ್ಲಿ ಆದದ್ದನ್ನು ನೋಡಿದರೆ ನಂಬದಿರಲು ಕಾರಣವಿಲ್ಲ. ನನ್ನ ಚಿಂತೆ ಆ ವಾಕ್ಯದ ಬಗ್ಗೆ. ‘ಉರಿಯಾಕತ್ತೈತಿ’ ಅನ್ನೋದನ್ನು ಅದು ಹೇಗೆ ಕಲಿಯುತ್ತದೆ?

ಈಗಿನ ಮಾತಿನ ಯಂತ್ರಗಳು ಎರಡು ಹಂತದಲ್ಲಿ ಕೆಲಸ ಮಾಡುತ್ತವೆ. ಮೊದಲು ಮಿದುಳಿನ ಸಂಕೇತದಿಂದ ಬಿಡಿ ಧ್ವನಿಗಳನ್ನು ಗುರುತಿಸುತ್ತವೆ. ಇಂಗ್ಲಿಷಿಗೆ 39 ಧ್ವನಿಗಳನ್ನು ಇಟ್ಟುಕೊಂಡಿದ್ದಾರೆ. ಅಲ್ಲಿ ತಪ್ಪು ಬಹಳ. ಅದನ್ನು ತಿದ್ದುವುದು ಎರಡನೆಯ ಹಂತ, ಅಂದರೆ ರಾಶಿ ರಾಶಿ ಬರಹ ಓದಿ ಕಲಿತ ಭಾಷಾ ಮಾದರಿ. ಈ ಪದದ ಪಕ್ಕ ಯಾವ ಪದ ಬರುವ ಸಂಭವ ಜಾಸ್ತಿ ಅಂತ ಅದು ಊಹಿಸುತ್ತದೆ. 97 ಪದ ಸರಿ ಬಂದದ್ದರಲ್ಲಿ ಈ ಊಹೆಯ ಪಾಲು ದೊಡ್ಡದು.

ಮೊದಲ ಹಂತದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ನಾವು ಬಹುಪಾಲು ನುಡಿದಂತೆ ಬರೆಯುತ್ತೇವೆ. ನಮ್ಮ ಕ್ಯಾಲೆಂಡರ್ ಹಾಳೆ ಅಷ್ಟು ಸಲೀಸಾಗಿ ಕೆಲಸ ಮಾಡಿದ್ದೂ ಅದಕ್ಕೇ. ಗಂಟಲಿನಿಂದ ತುಟಿಯವರೆಗೆ, ಬಾಯಲ್ಲಿ ಹುಟ್ಟುವ ಜಾಗದ ಪ್ರಕಾರ ಕ ಚ ಟ ತ ಪ ಅಂತ ಹಿಂದಿನವರು ಸಾಲು ಹಾಕಿಟ್ಟಿದ್ದಾರೆ. ಮಿದುಳಿನ ಯಂತ್ರ ಓದುವುದೂ ನಾಲಿಗೆ ಎಲ್ಲಿ ಮುಟ್ಟಲು ಹೊರಟಿತು ಅನ್ನುವುದನ್ನೇ ಅಲ್ವಾ?

ತೊಂದರೆ ಇರುವುದು ಎರಡನೆಯ ಹಂತದಲ್ಲಿ. ಪದಗಳ ಪಟ್ಟಿ ಇಟ್ಟುಕೊಂಡು ಕನ್ನಡ ನಡೆಯುವುದಿಲ್ಲ. ‘ಬರು’ ಒಂದರಿಂದಲೇ ಬಂದಿದ್ನಂತೆ, ಬರಬೇಕಾಗಿತ್ತಲ್ಲ, ಬಂದುಬಿಟ್ಟರೇನೋ ಅಂತ ನೂರಾರು ರೂಪ ಹುಟ್ಟುತ್ತವೆ. ಅದರ ಮೇಲೆ ಹರಿಹರದ ಕಡೆ ‘ಐತಿ’, ಹಿರಿಯೂರಿನ ಕಡೆ ‘ಐತೆ’. ಪತ್ರಿಕೆಯ ಕನ್ನಡ ಓದಿ ಬೆಳೆದ ಯಂತ್ರ ಎರಡನ್ನೂ ‘ಇದೆ’ ಅಂತ ತಿದ್ದಿ ಕೂರುತ್ತದೆ. 60 ವರ್ಷ ‘ಐತಿ’ ಅಂದ ಮನುಷ್ಯನ ಬಾಯಿಂದ ‘ಇದೆ’ ಬಂದರೆ ಅದು ಅವನ ಮಾತಾ?

ಇದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಕನ್ನಡದಲ್ಲಿ ಹೌದು-ಅಲ್ಲ ತೀರ್ಮಾನವಾಗುವುದು ಪದದ ಕೊನೆಯಲ್ಲಿ. ಬೇಕು, ಬೇಡ, ಎರಡೂ ‘ಬೇ’ಯಿಂದ ಶುರು. ಮಾರ್ತೀನಿ, ಮಾರಲ್ಲ. ಸಹಿ ಹಾಕ್ತೀನಿ, ಹಾಕಲ್ಲ. ಇಂಗ್ಲಿಷಿನಲ್ಲಿ ‘ನಾಟ್’ ಮುಖ್ಯ ಕ್ರಿಯಾಪದಕ್ಕಿಂತ ಮೊದಲೇ ಬಂದು ಎಚ್ಚರಿಸುತ್ತದೆ. ನಮ್ಮಲ್ಲಿ ಹಾಗಿಲ್ಲ. ಅರ್ಧ ಕೇಳಿ ಮುಂದಕ್ಕೆ ಹಾರುವ ಯಂತ್ರ ಕನ್ನಡದಲ್ಲಿ ಪೂರ್ತಿ ಉಲ್ಟಾ ಹೇಳಿಬಿಡಬಹುದು. ನಾವು ‘ಬೆ’ ಕೇಳಿ ಹಾರಿದ ಹಾಗೆ.

ಜಮೀನಿನ ಕಾಗದದ ಮೇಲೆ ಎಚ್ಚರವಿಲ್ಲದ ಮುದುಕರ ಹೆಬ್ಬೆಟ್ಟು ಹಿಡಿದು ಒತ್ತಿಸಿದ ಕತೆ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ? ನಾಳೆ ಹಾಸಿಗೆ ಪಕ್ಕದ ಪೆಟ್ಟಿಗೆ “ಮಾರ್ತೀನಿ” ಅಂದರೆ ಅದು ಅವರ ಮಾತಾ, ಪೆಟ್ಟಿಗೆಯ ಊಹೆಯಾ? ಕನ್ನಡಕ್ಕೆ ಮಾಡುವ ಯಂತ್ರದಲ್ಲಿ ಒಂದು ಕಟ್ಟುನಿಟ್ಟು ಇರಲೇಬೇಕು ಅಂತ ನನ್ನ ಅಭಿಪ್ರಾಯ. ಕ್ರಿಯಾಪದದ ಕೊನೆಯ ಧ್ವನಿ ಕೇಳುವವರೆಗೆ ಅದು ಬಾಯಿ ಬಿಡಬಾರದು. ಹೇಳಿದ ಮೇಲೂ “ಇದೇನಾ?” ಅಂತ ಕೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು. ನಿಧಾನವಾದರೆ ಆಗಲಿ.

ಕನ್ನಡ ಮಾತಿನ ಸಂಗ್ರಹ ಶುರುವಾಗಿದೆ ಅನ್ನುವುದು ಸಮಾಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಒಂಬತ್ತು ಭಾಷೆಗಳ ಮಾತನ್ನು ಒಳನುಡಿಗಳ ಸಮೇತ ಸಂಗ್ರಹಿಸಿದೆ. ಅದರಲ್ಲಿ ಕನ್ನಡವೂ ಒಂದು. ಆದರೆ ಅದು ಹಿಡಿದಿರುವುದು ಕೃಷಿ ಮತ್ತು ಹಣಕಾಸಿನ ಮಾತು. ಮಂಚದ ಮೇಲಿನ ಮಾತು ಬೇರೆ. ಕಫ ಕಟ್ಟೈತಿ, ಪೈಪು ಎಳೀತತಿ, ಕಾಲು ಜೋಮು ಹಿಡಿದತಿ, ಸೊಳ್ಳೆ ಕಡೀತತಿ. ಈ ಮಾತನ್ನು ಯಾರಾದರೂ ಕೂತು ಬರೆದಿಟ್ಟುಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೊದವರು 2024ರಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಬರುವ ಒಬ್ಬರ ಮಿದುಳಿನಿಂದ ಎರಡೂ ಭಾಷೆ ಓದಿ ತೋರಿಸಿದ್ದಾರೆ. ಒಂದು ಭಾಷೆಗೆ ಕಲಿತದ್ದು ಇನ್ನೊಂದಕ್ಕೂ ಸ್ವಲ್ಪ ಒದಗಿತು. ಕನ್ನಡದ ಜೊತೆ ಉರ್ದು, ಲಂಬಾಣಿ, ತೆಲುಗು ಬೆರೆಸಿ ಆಡುವ ನಮ್ಮ ಜಿಲ್ಲೆಗಳಿಗೆ ಇದು ದೊಡ್ಡ ಭರವಸೆ.

ಕಂಪನಿ ಮುಚ್ಚಿದರೆ?

ಕುರುಡುತನಕ್ಕೆ ಆರ್ಗಸ್ ಎಂಬ ಕಣ್ಣಿನ ಸಾಧನ ಮಾಡಿದ ಸೆಕೆಂಡ್ ಸೈಟ್ ಕಂಪನಿ 2019ರಲ್ಲಿ ಅದನ್ನು ಕೈಬಿಟ್ಟಿತು. ಜಗತ್ತಿನಲ್ಲಿ 350ಕ್ಕಿಂತ ಜಾಸ್ತಿ ಜನರ ಕಣ್ಣಿನಲ್ಲಿ ಆ ಸಾಧನವಿತ್ತು. ಕೆಟ್ಟರೆ ರಿಪೇರಿ ಇಲ್ಲ, ಹೊಸ ಭಾಗ ಇಲ್ಲ. ಮಿಲ್ಲು ಮುಚ್ಚಿದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಮಿಲ್ಲು ಮುಚ್ಚಿದಾಗ ಹೋದದ್ದು ಕೆಲಸ. ಇಲ್ಲಿ ಹೋಗುವುದು ದನಿ.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 21 ಬಗೆಯ ವೈಕಲ್ಯಗಳನ್ನು ಅದು ಗುರುತಿಸುತ್ತದೆ. ದೇಹದೊಳಗೆ ಕೂರಿಸಿದ ಸಾಧನಕ್ಕೆ ಜೀವಮಾನವಿಡೀ ರಿಪೇರಿ ಸಿಗಬೇಕು, ಕಂಪನಿ ಹೋದರೆ ಆ ಸಾಧನ ಮಾಡುವ ಒಳಗುಟ್ಟು ಸರ್ಕಾರದ ಕೈಗೆ ಬರಬೇಕು ಎಂಬ ನಿಯಮವನ್ನು ಯಂತ್ರ ಬರುವ ಮೊದಲೇ ಮಾಡಬೇಕು. ತಲೆಯಲ್ಲಿ ಚಿಪ್ ಇಟ್ಟ ಮೇಲೆ ಚೌಕಾಸಿ ಮಾಡಲು ರೋಗಿಗೆ ಶಕ್ತಿ ಎಲ್ಲಿರುತ್ತದೆ?

ಅಲ್ಲಿಯವರೆಗೆ ಬದುಕಬೇಕಲ್ಲ

2045ರ ಯಂತ್ರವನ್ನು ಬಳಸಬೇಕಾದವರಲ್ಲಿ ಕೆಲವರು ಇವತ್ತೇ ಯಾವುದೋ ಹಳ್ಳಿಯ ನಡುಮನೆಯಲ್ಲಿ ಮಲಗಿದ್ದಾರೆ. ಅವರ ಜೀವ ತೆಗೆಯುವುದು ಬಹಳ ಸಲ ಲಕ್ವ ಅಲ್ಲ. ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಶ್ವಾಸಕೋಶಕ್ಕೆ ಇಳಿದ ಗಂಜಿ. ದೊಡ್ಡಪ್ಪನನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಮಾತ್ರೆ ಚೀಟಿ ಕೊಟ್ಟರು. ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅಂತ ಯಾರೂ ಹೇಳಲಿಲ್ಲ. ಆ ಒಂದು ಮಾತು ಹೇಳಿದ್ದರೆ ಆ ಹುಣ್ಣು ಆಗುತ್ತಿರಲಿಲ್ಲ. ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಎರಡು ಗಂಟೆಗೊಮ್ಮೆ ಅಂದರೆ ರಾತ್ರಿಯೂ ಎರಡು ಗಂಟೆಗೊಮ್ಮೆ. ದೊಡ್ಡಮ್ಮ ಅಲಾರಂ ಇಟ್ಟುಕೊಂಡು ಏಳುತ್ತಾರೆ. ಕರೆಂಟ್ ಹೋಗಿ ಏರ್ ಬೆಡ್ ಗಾಳಿ ಇಳಿದರೆ ಇನ್ನೂ ಬೇಗ. ಅವರು ಒಂದು ರಾತ್ರಿ ಪೂರ್ತಿ ಮಲಗಿ ಎಷ್ಟು ದಿನವಾಯಿತೋ. ಆರೋಗ್ಯ ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ, ದೊಡ್ಡಮ್ಮನ ನಿದ್ದೆಗೆ ಯಾವ ಕಾರ್ಡೂ ಇಲ್ಲ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರದ ಸಿ.ಆರ್.ಸಿ. ಇದೆ. ಇಂಥ ಜಾಗದಿಂದ ಒಬ್ಬರು ತಿಂಗಳಿಗೊಮ್ಮೆ ಮನೆಗೆ ಬಂದು ಹೊರಳಿಸುವುದು ಹೇಗೆ, ಪೈಪು ತೊಳೆಯುವುದು ಹೇಗೆ, ಅಕ್ಷರದ ಹಾಳೆ ಹಿಡಿಯುವುದು ಹೇಗೆ ಅಂತ ತೋರಿಸುವಂತಾದರೆ, 2045ರ ಯಂತ್ರಕ್ಕೆ ಅದಕ್ಕಿಂತ ದೊಡ್ಡ ತಯಾರಿ ಬೇರೆ ಇಲ್ಲ.

ಇನ್ನೊಂದು ಕೆಲಸ ನಾವೇ ಮಾಡಬಹುದು. ಎ.ಎಲ್.ಎಸ್. ಅಂತ ಗೊತ್ತಾದವರ ದನಿಯನ್ನು, ಮಾತು ಇರುವಾಗಲೇ, ಫೋನಿನಲ್ಲಿ ಗಂಟೆಗಟ್ಟಲೆ ಹಿಡಿದಿಡಿ. ಸುಮ್ನೆ ಊರಿನ ಸುದ್ದಿ ಮಾತಾಡಲಿ. ದೊಡ್ಡಪ್ಪನ ದನಿ ನನ್ನ ಹತ್ತಿರ ಇರುವುದು ವಾಟ್ಸಾಪಿನ ಒಂದೇ ತುಣುಕು, 11 ಸೆಕೆಂಡು. “ಏ, ಬರೂವಾಗ ಮಂಡಕ್ಕಿ ತಗಂಬಾ, ಮೆಣಸಿನಕಾಯಿನೂ ಹಾಕಿಸ್ಕ್ಯಂಬಾ” ಅಂತ. ಆಮೇಲೆ ಬಸ್ಸಿನ ಹಾರನ್ನು.

2025ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಾಯಿ ಆಡಿಸಲು ಪ್ರಯತ್ನಿಸದೆ ಮನಸ್ಸಿನಲ್ಲೇ ಅಂದುಕೊಂಡ ಮಾತನ್ನೂ ಸ್ವಲ್ಪ ಮಟ್ಟಿಗೆ ಓದಬಹುದು ಅಂತ ತೋರಿಸಿದರು. ಸುಸ್ತಾದ ರೋಗಿಗೆ ಇದು ವರ. ಆದರೆ ಹೇಳಬಾರದೆಂದು ಇಟ್ಟುಕೊಂಡದ್ದೂ ಹೊರಗೆ ಬಂದರೆ? ಅದಕ್ಕಾಗಿ ಅವರೇ ಒಂದು ಬೀಗ ಮಾಡಿದರು. ಒಂದು ಗುಟ್ಟಿನ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಓದಲು ಶುರು ಮಾಡುತ್ತದೆ. ಚಿಲಿ ದೇಶ 2021ರಲ್ಲಿ ಮಿದುಳಿನ ಮಾಹಿತಿಯನ್ನು ಕಾಪಾಡುವ ಮಾತನ್ನು ತನ್ನ ಸಂವಿಧಾನಕ್ಕೇ ಸೇರಿಸಿತು.

ಹೋದ ಭಾನುವಾರ ಇದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಇಂಥದ್ದು ಬಂದರೆ ಹಾಕಿಸ್ಕೊಳ್ತೀರಾ ಅಂತ ಕೇಳಿದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗೋಡೆಯ ಕಡೆ ನೋಡಿದರು. ದೊಡ್ಡಮ್ಮ ಎದ್ದು ಬಂದು ಬೆರಳಿಟ್ಟರು. ‘ಬ’. ನಾವು ಯಾರೂ ತುಟಿ ಬಿಚ್ಚಲಿಲ್ಲ. ‘ಅಂ’. ಕಾದೆವು. ‘ದ’. ಮತ್ತೆ ಮುಂದೆ ಹೋಗಲಿಲ್ಲ.

“ಬಂದ್ ಮಾಡಾಕೆ ಬರ್ತತಾ ಅಂತಾನಾ ದೊಡ್ಡಪ್ಪ?”

ಕಣ್ಣು ಮೇಲೆ ಹೋಯಿತು.

“ಯಾರು ಬಂದ್ ಮಾಡ್ಬೇಕು?”

ದೊಡ್ಡಮ್ಮನ ಬೆರಳು ಮತ್ತೆ ಸಾಲು ಸಾಲಾಗಿ ಇಳಿಯಿತು. ನ. ಆ. ನ. ಉ.